ಹೆಸರೇ ಇಲ್ಲದ ಬಿದಿರಿನ ಫ್ಲೈ ರಾಡ್‌ಗೆ ಬೆಲೆ ಕಟ್ಟಿಸಿದೆ: ಕ್ಯಾಟ್‌ಸ್ಕಿಲ್‌ನ ಒಂದು ವರ್ಕ್‌ಶಾಪ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ತುಂಬಾ ಚೆನ್ನಾಗಿದೆ. ಹಳೆಯ ಬಿದಿರಿನ ಫ್ಲೈ ರಾಡ್, ಅಂದರೆ ಮೀನು ಹಿಡಿಯುವ ಕೋಲು, ಕೈಗೆ ಬಂದಿದೆ, ಅದರ ಮೇಲೆ ಯಾರ ಹೆಸರೂ ಇಲ್ಲ, ಯಾವ ಕಾಲದ್ದು, ಎಷ್ಟು ಬೆಲೆ ಬಾಳುತ್ತದೆ ಅಂತ ಗೊತ್ತಾಗಬೇಕು ಅಂದರೆ ರಾಡ್ ರಿಪೇರಿ ಮಾಡುವವರ ಹತ್ತಿರವೇ ಹೋಗಿ. ಹಳೆ ಸಾಮಾನಿನ ಅಂಗಡಿಗೆ ಹೋಗಬೇಡಿ. ನಾನು ಎರಡೂ ಕಡೆ ಹೋಗಿ ನೋಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ವರ್ಕ್‌ಶಾಪ್ ಇರುವುದು ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆ, ಸಲಿವನ್ ಕೌಂಟಿಯಲ್ಲಿ, ರಾಸ್ಕೋ ಊರಿಂದ ಸ್ವಲ್ಪ ದೂರ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಮನೆ ಹಿಂದಿನ ಶೆಡ್ಡಿನಲ್ಲಿ ವಯಸ್ಸಾದವರೊಬ್ಬರೇ ನಡೆಸುತ್ತಿದ್ದಾರೆ, ಈಗ ಇರುವ ಕೆಲಸವೇ ಮುಗಿಯುತ್ತಿಲ್ಲ, ಆನ್‌ಲೈನ್‌ನಲ್ಲಿ ಹಾಕಬೇಡಿ ಅಂತ ಅವರೇ ಕೇಳಿಕೊಂಡರು. ಆ ಭಾಗದ ಯಾವ ಫ್ಲೈ ಅಂಗಡಿಯಲ್ಲಿ ವಿಚಾರಿಸಿದರೂ ಇಂಥವರ ವಿಳಾಸ ಸಿಗುತ್ತದೆ. ಬೀವರ್‌ಕಿಲ್ ಮತ್ತು ವಿಲೊವೀಮಾಕ್ ನದಿಗಳು ಕೂಡುವ ಜಾಗ ಅದು. ಅಮೆರಿಕದ ಫ್ಲೈ ಫಿಶಿಂಗ್‌ನ ತವರು ಅಂತಲೇ ಜನ ಹೇಳುತ್ತಾರೆ.

ಗೊತ್ತಿಲ್ಲದವರಿಗೆ ಒಂದು ಮಾತು. ಫ್ಲೈ ಫಿಶಿಂಗ್‌ನಲ್ಲಿ ಎರೆಹುಳ ಇರುವುದಿಲ್ಲ. ಗರಿ, ದಾರ, ತುಪ್ಪಳದಲ್ಲಿ ಹುಳದ ಹಾಗೆ ಕಟ್ಟಿದ ಗಾಳ ಇರುತ್ತದೆ. ಅದಕ್ಕೆ ತೂಕವೇ ಇಲ್ಲ, ಹಾಗಾಗಿ ದಪ್ಪ ಲೈನಿನ, ಅಂದರೆ ಗಾಳದ ದಾರದ, ತೂಕದಲ್ಲೇ ಅದನ್ನು ನೀರಿನ ಮೇಲೆ ಬೀಸಬೇಕು. ಈ ಬೀಸುವ ಕೆಲಸಕ್ಕೆ ರಾಡ್ ಬಾಗಬೇಕು, ಬಾಗಿ ತಕ್ಷಣ ನೆಟ್ಟಗಾಗಬೇಕು. ನೂರು ವರ್ಷ ಹಿಂದೆ ಇದಕ್ಕೆ ಬಿದಿರಿನಷ್ಟು ಒಳ್ಳೆ ವಸ್ತು ಬೇರೆ ಇರಲಿಲ್ಲ. ಬಿದಿರನ್ನು ಸೀಳಿ, ಒಂದೊಂದು ಸೀಳನ್ನೂ ತ್ರಿಕೋನವಾಗಿ ಹೆರೆದು, ಆರನ್ನು ಸೇರಿಸಿ ಅಂಟಿಸಿದರೆ ಆರು ಮೂಲೆಯ ಕೋಲಾಗುತ್ತದೆ. ಗಟ್ಟಿ ಎಳೆ ಎಲ್ಲಾ ಹೊರಗಡೆ ಬರುತ್ತದೆ.

ರಾಡ್ ನನ್ನದಲ್ಲ. ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯದು. ಅವರ ಯಜಮಾನರು ಬೀವರ್‌ಕಿಲ್‌ನಲ್ಲಿ ಮೀನು ಹಿಡಿಯುತ್ತಿದ್ದವರು, ತೀರಿಕೊಂಡು ವರ್ಷಗಳಾದವು. ಅಟ್ಟ ಖಾಲಿ ಮಾಡುವಾಗ ಅಲ್ಯೂಮಿನಿಯಂ ಕೊಳವೆಯಲ್ಲಿ ಈ ರಾಡ್ ಸಿಕ್ಕಿತು. ನಾನು ಮೀನು ಹಿಡಿಯುತ್ತೇನೆ ಅಂತ ಅವರಿಗೆ ಗೊತ್ತು, "ನೀನೇ ನೋಡಿ ಹೇಳಪ್ಪ" ಅನ್ನುವ ಹಾಗೆ ತಂದು ಕೈಗಿಟ್ಟರು. ಮಕ್ಕಳಿಗೆ ಹಂಚುವ ಮೊದಲು ಬೆಲೆ ಗೊತ್ತಾಗಬೇಕಿತ್ತು. ಅಜ್ಜಿಗೆ ಯಾರೂ ಮೋಸ ಮಾಡಬಾರದು, ಸುಮ್ನೆ ಆಸೆಯನ್ನೂ ಹುಟ್ಟಿಸಬಾರದು, ನನಗೆ ಇಷ್ಟೇ.

ಮೊದಲು ನಮ್ಮೂರಿನ ಹತ್ತಿರದ ಒಂದು ಆಂಟಿಕ್ ಅಂಗಡಿಗೆ ತೋರಿಸಿದೆವು. ಅಲ್ಲಿದ್ದವರು ರಾಡನ್ನು ಜೋಡಿಸಲೂ ಇಲ್ಲ. ಕೊಳವೆಯಿಂದ ಅರ್ಧ ಎಳೆದು, ಮೇಲಿಂದ ಕೆಳಗೆ ಒತ್ತೊತ್ತಾಗಿ ಸುತ್ತಿರುವ ರೇಷ್ಮೆ ದಾರ ನೋಡಿ, "ಇದು 1890ರ ಲಿಯೊನಾರ್ಡ್ ಇರಬೇಕು, 2000 ಡಾಲರ್ ಆದರೂ ಬರುತ್ತದೆ" ಅಂದರು. ದುಡ್ಡು ಕೊಟ್ಟರೆ ಹಾಗಂತ ಬರೆದೂ ಕೊಡುತ್ತಾರಂತೆ. ರಾಡ್ ಮಾಡುವವರಲ್ಲಿ ಲಿಯೊನಾರ್ಡ್ ಅಂದರೆ ಸಣ್ಣ ಹೆಸರಲ್ಲ. ಹೈರಮ್ ಲಿಯೊನಾರ್ಡ್ ಮೇಯ್ನ್ ರಾಜ್ಯದ ಬ್ಯಾಂಗರ್‌ನಲ್ಲಿ ಶುರುಮಾಡಿ 1881ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ವ್ಯಾಲಿಗೆ ಬಂದವನು, ಬಿದಿರು ಸೀಳಿ ಹೆರೆಯುವುದಕ್ಕೆ ಯಂತ್ರ ಮಾಡಿಕೊಂಡವನು. ಪೇನ್, ಎಡ್ವರ್ಡ್ಸ್, ಥಾಮಸ್, ಹಾವ್ಸ್ ಥರದ ಹೆಸರಾಂತ ರಾಡ್ ತಯಾರಕರೆಲ್ಲ ಅವನ ಕಾರ್ಖಾನೆಯಲ್ಲಿ ಪಳಗಿದವರೇ. ಅಂಥ ಹೆಸರನ್ನು ಎರಡು ನಿಮಿಷ ನೋಡಿ ಯಾವ ರಾಡಿಗಾದರೂ ಅಂಟಿಸಿಬಿಡುವುದು ನನಗೆ ಸರಿ ಕಾಣಲಿಲ್ಲ. ಅಜ್ಜಿಯ ಮುಖ ಅರಳಿದ್ದು ನೋಡಿ ಇನ್ನೂ ಸಂಕಟವಾಯಿತು.

ಈಗ ಶೆಡ್ಡಿನ ವಿಷಯಕ್ಕೆ ಬರುತ್ತೇನೆ.

ಒಳಗೆ ಹೋದರೆ ವಾರ್ನಿಷ್ ವಾಸನೆ. ಕಿಟಕಿ ಪಕ್ಕ ಉದ್ದದ ಮೇಜು, ಅದರ ಮೇಲೆ ಹಸಿರು ಬಟ್ಟೆ, ದಪ್ಪ ಅಳೆಯುವ ಒಂದು ಕ್ಯಾಲಿಪರ್, ಒಂದು ಭೂತಗನ್ನಡಿ, ಒಂದು ಸಣ್ಣ ಟಾರ್ಚ್. ಇಷ್ಟೇ ಸಾಮಾನು. ಮೊದಲು ಹೆಸರಿನ ಮಾತೇ ಎತ್ತಲಿಲ್ಲ. ರಾಡಿನ ತುಂಡುಗಳನ್ನೆಲ್ಲಾ ಪಕ್ಕಪಕ್ಕ ಮಲಗಿಸಿ ಅಳತೆ ತೆಗೆದರು. ಹಿಡಿ ಇರುವ ಬುಡ, ನಡುವಿನ ತುಂಡು, ಎರಡು ತುದಿಗಳು. ಹಳೆ ಬಿದಿರು ರಾಡಿನ ಜೊತೆ ಎರಡು ತುದಿ ಬರುವುದು ಮಾಮೂಲು, ತುದಿಯೇ ಬೇಗ ಮುರಿಯುವುದಲ್ವಾ. ಬುಡ, ನಡು, ಒಂದು ತುದಿ ಮೂರೂ 36.5 ಇಂಚು. ಇನ್ನೊಂದು ತುದಿ 33.25. ಅಂದರೆ ಯಾವತ್ತೋ ಮುರಿದು, ಅಲ್ಲಿಂದಲೇ ಕತ್ತರಿಸಿ, ಮೇಲೆ ಮತ್ತೆ ಲೋಹದ ತುದಿ ಕೂರಿಸಿದ್ದಾರೆ. ನಂಬಿಕೆ ಬರಲಿ ಅಂತ ಕ್ಯಾಲಿಪರ್ ಹಿಡಿದು ನನಗೂ ತೋರಿಸಿದರು. ಸರಿ ಇರುವ ತುದಿಯ ಕೊನೆ ಇಂಚಿನ ಸಾವಿರದಲ್ಲಿ 70 ಭಾಗ ದಪ್ಪ, ಮುರಿದಿದ್ದರ ಕೊನೆ 80. ಕೋಲು ಮೇಲೆ ಹೋದಂತೆ ಸಣ್ಣಗಾಗುತ್ತದೆ, ತುಂಡಾದ ಜಾಗ ಸಹಜವಾಗಿ ದಪ್ಪ ಇರುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಆದರೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ.

ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಹಿಡಿಯ ಮೇಲಿನ ಬಿದಿರನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿದರು. ಹೆಸರನ್ನು ಶಾಯಿಯಲ್ಲಿ ಬರೆಯುತ್ತಿದ್ದದ್ದು, ಇಲ್ಲವೇ ಅಂಟುಚೀಟಿ ಹಚ್ಚುತ್ತಿದ್ದದ್ದು ಅಲ್ಲೇ. ಅಳಿಸಿಹೋಗಿದ್ದರೂ ಕೆಲವೊಮ್ಮೆ ವಾರ್ನಿಷ್ ಮೇಲೆ ಅಕ್ಷರದ ನೆರಳು ಉಳಿದಿರುತ್ತದಂತೆ. ಇದರಲ್ಲಿ ಏನೂ ಇರಲಿಲ್ಲ. ಲೈನ್ ಸುತ್ತುವ ರೀಲ್ ಕೂರುವ ಲೋಹದ ಭಾಗ, ಬುಡದ ಮುಚ್ಚಳ, ಎಲ್ಲೂ ಅಚ್ಚು ಒತ್ತಿರಲಿಲ್ಲ.

ಹೆಸರು ಇಲ್ಲದಿರುವುದಕ್ಕೆ ಕಾರಣ ಹಲವು ಅಂತ ವಿವರಿಸಿದರು, ಇದು ನನಗೆ ತುಂಬಾ ಉಪಯೋಗವಾಯಿತು. ಮ್ಯಾಸಚೂಸೆಟ್ಸ್‌ನ ಮಾಂಟೆಗ್ಯೂ, ನ್ಯೂಯಾರ್ಕಿನ ಯುಟಿಕಾದ ಹೊರಾಕ್ಸ್-ಇಬಾಟ್‌ಸನ್ ಥರದ ದೊಡ್ಡ ಕಾರ್ಖಾನೆಗಳು ಬೇರೆ ಅಂಗಡಿಗಳಿಗೂ ರಾಡ್ ಮಾಡಿಕೊಡುತ್ತಿದ್ದವು. ಅಂಗಡಿಯವರು ಬೇಕಾದರೆ ತಮ್ಮ ಚೀಟಿ ಹಚ್ಚುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಚೀಟಿ ಹಚ್ಚಿದ್ದರೂ ಯಾರೋ ಆಮೇಲೆ ಹೊಸ ವಾರ್ನಿಷ್ ಬಳಿಯಬೇಕು ಅಂತ ಉಜ್ಜಿದಾಗ ಹೋಗಿರುತ್ತದೆ. ಕೋಲು ಮಾತ್ರ ಕೊಂಡು ಮನೆಯಲ್ಲೇ ಜೋಡಿಸಿಕೊಂಡವರೂ ಇದ್ದರು. ಹೆಸರಿಲ್ಲ ಅಂದ ಮಾತ್ರಕ್ಕೆ ಕಳಪೆ ಅಂತಲೂ ಅಲ್ಲ, ಯಾವುದೋ ದೊಡ್ಡ ಕುಶಲಕರ್ಮಿ ಕೈಯಲ್ಲಿ ಮಾಡಿದ್ದು ಅಂತಲೂ ಅಲ್ಲ.

ಮುಂದಿನದು 1890 ಅನ್ನುವ ಮಾತಿನ ಪರೀಕ್ಷೆ. ಒತ್ತೊತ್ತಾಗಿ ದಾರ ಸುತ್ತಿರುವುದು ನಿಜಕ್ಕೂ ಹಳೆ ಕಾಲದ ಪದ್ಧತಿ. ಆಗಿನ ಅಂಟು ಪ್ರಾಣಿಗಳ ಚರ್ಮ, ಮೂಳೆಯಿಂದ ಬೇಯಿಸಿ ತೆಗೆದದ್ದು, ನೀರು ಕುಡಿದರೆ ಬಿಟ್ಟುಕೊಳ್ಳುತ್ತಿತ್ತು. ಸೀಳುಗಳು ಬಾಯಿ ಬಿಡದಿರಲಿ ಅಂತ ಪ್ರತಿ ಅಂಗುಲಕ್ಕೂ ರೇಷ್ಮೆ ಸುತ್ತುತ್ತಿದ್ದರು. ಆದರೆ ಅಂಟು ಸುಧಾರಿಸಿದ ಮೇಲೂ ನೋಡಲು ಚೆಂದ ಅಂತ ಕೆಲವು ಕಾರ್ಖಾನೆಗಳು ಅಗ್ಗದ ರಾಡ್‌ಗಳಿಗೂ ಹೀಗೆ ಸುತ್ತುವುದನ್ನು ಮುಂದುವರಿಸಿದವು. ಹಾಗಾಗಿ ದಾರ ಒಂದನ್ನೇ ನೋಡಿ ಕಾಲ ಹೇಳಲು ಬರುವುದಿಲ್ಲ. ಆಂಟಿಕ್ ಅಂಗಡಿಯವರು ನೋಡಿದ್ದು ಅದೊಂದನ್ನೇ.

ಇವರು ರೀಲ್ ಸೀಟ್ ತೋರಿಸಿದರು. ರೀಲನ್ನು ಬಿಗಿ ಮಾಡಲು ಸ್ಕ್ರೂ ಇದೆ, ಒಳಗಿನ ಭಾಗ ಕಪ್ಪು ಬೇಕಲೈಟ್, ಅಂದರೆ ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್. ಲಿಯೊ ಬೇಕಲ್ಯಾಂಡ್ ಅನ್ನುವ ರಸಾಯನಶಾಸ್ತ್ರಜ್ಞ ಅದನ್ನು ಕಂಡುಹಿಡಿದದ್ದೇ 1907ರಲ್ಲಿ, 1890ರ ರಾಡಿನಲ್ಲಿ ಅದು ಎಲ್ಲಿಂದ ಬರಬೇಕು? "ಆಮೇಲೆ ಯಾರಾದರೂ ಬದಲಾಯಿಸಿರಬಹುದಲ್ಲಾ" ಅಂತ ಕೇಳಿದೆ. ಈ ಪ್ರಶ್ನೆ ಅವರಿಗೆ ಇಷ್ಟವಾಯಿತು. ಬದಲಾಯಿಸಿದ್ದರೆ ಕಾರ್ಕ್ ಹಿಡಿ ಮತ್ತು ಸೀಟ್ ಸೇರುವ ಕಡೆ ಗೆರೆ ಹೊಂದುವುದಿಲ್ಲ, ಹಳೆ ಮೊಳೆಯ ತೂತು ಉಳಿದಿರುತ್ತದೆ, ಹೊಸ ಅಂಟು ಹೊರಗೆ ಬಂದಿರುತ್ತದೆ ಅಂತ ಹೇಳಿ ಒಂದೊಂದನ್ನೂ ಭೂತಗನ್ನಡಿಯಲ್ಲಿ ತೋರಿಸಿದರು. ಕಾರ್ಕಿನ ಮೇಲಿನ ಕೊಳೆ ಸೀಟಿನ ಅಂಚಿನವರೆಗೂ ಒಂದೇ ಸಮ ಹಬ್ಬಿತ್ತು. ಬದಲಾಯಿಸಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಫೆರೂಲ್ ನೋಡಿದ ರೀತಿ. ಫೆರೂಲ್ ಅಂದರೆ ಒಂದು ತುಂಡು ಇನ್ನೊಂದಕ್ಕೆ ಸೇರುವ ಲೋಹದ ಕೊಳವೆ. ಒಳ್ಳೆ ರಾಡಿಗೆ ಜರ್ಮನ್ ಸಿಲ್ವರ್ ಹಾಕುತ್ತಿದ್ದರು, ಅಗ್ಗದ್ದಕ್ಕೆ ಹಿತ್ತಾಳೆಯ ಮೇಲೆ ನಿಕ್ಕಲ್ ಲೇಪ. ಹೊರಗಿಂದ ಎರಡೂ ಬೆಳ್ಳಗೆ ಹೊಳೆಯುತ್ತವೆ. ಅವರು ಕೊಳವೆಯ ಬಾಯಿಯ ಅಂಚನ್ನು, ಅಂದರೆ ಸೇರಿಸಿ ತೆಗೆದು ಸವೆದ ಜಾಗವನ್ನು, ಬೆಳಕಿಗೆ ಹಿಡಿದರು. ಕೂದಲೆಳೆಯಷ್ಟು ಹಳದಿ ಗೆರೆ. ಒಳಗೆ ಹಿತ್ತಾಳೆ. ಇನ್ನು ಯಾರೂ ವಾದ ಮಾಡುವ ಹಾಗಿಲ್ಲ. ಮನೆಯಲ್ಲಿ ನಾನು ಇದೇ ಫೆರೂಲನ್ನು ಎಷ್ಟೋ ಸಲ ನೋಡಿದ್ದೆ, ನೋಡಬೇಕಾದ ಜಾಗ ಗೊತ್ತಿದ್ದರೆ ತಾನೇ ಕಾಣುವುದು.

ಬಿದಿರಿನ ಬಗ್ಗೆ ಹೇಳಿದ್ದನ್ನು ನಮ್ಮವರಿಗಾಗಿ ಬರೆಯಲೇಬೇಕು. 19ನೇ ಶತಮಾನದಲ್ಲಿ ಅಮೆರಿಕದ ರಾಡ್‌ಗಳಿಗೆ ಬಿದಿರು ಬರುತ್ತಿದ್ದದ್ದು ನಮ್ಮ ದೇಶದಿಂದ. ಕಲ್ಕತ್ತಾ ಬಂದರಿನಿಂದ ಬರುತ್ತಿದ್ದ ಕಾರಣ ಅದಕ್ಕೆ ಕಲ್ಕತ್ತಾ ಕೇನ್ ಅಂತಲೇ ಹೆಸರು. ಅದರ ಮೇಲೆ ಸುಟ್ಟ ಕಲೆಗಳು ಇರುತ್ತಿದ್ದವು, ಹಳೆ ರಾಡ್‌ಗಳಲ್ಲಿ ಆ ಕಲೆಯಿಂದಲೇ ಗುರುತು ಹಿಡಿಯುತ್ತಾರೆ. 20ನೇ ಶತಮಾನ ಶುರುವಾಗುವ ಹೊತ್ತಿಗೆ ಚೀನಾದ ಗ್ವಾಂಗ್‌ಡಾಂಗ್ ಕಡೆಯ ಟಾಂಕಿನ್ ಬಿದಿರು ಬಂದು ಅದರ ಜಾಗ ಹಿಡಿಯಿತು. ಇದು ಹೆಚ್ಚು ನೇರ, ಗಂಟುಗಳು ದೂರ ದೂರ, ಹೊರಗಿನ ಗಟ್ಟಿ ಎಳೆಯ ಪದರ ದಪ್ಪ. ಅಜ್ಜಿಯ ರಾಡ್ ಟಾಂಕಿನ್. ಇದೂ 1890ಕ್ಕೆ ವಿರುದ್ಧದ ಸಾಕ್ಷಿ. 1950ರಲ್ಲಿ ಅಮೆರಿಕ ಚೀನಾದ ಜೊತೆ ವ್ಯಾಪಾರ ನಿಲ್ಲಿಸಿತು, ಟಾಂಕಿನ್ ಬರುವುದೂ ನಿಂತಿತು, ಅದೇ ಸಮಯಕ್ಕೆ ಫೈಬರ್‌ಗ್ಲಾಸ್ ಬಂತು, ದೊಡ್ಡ ಕಾರ್ಖಾನೆಗಳ ಬಿದಿರಿನ ಕಾಲ ಅಲ್ಲಿಗೆ ಬಹುಪಾಲು ಮುಗಿಯಿತು.

ಗಂಟುಗಳ ಜೋಡಣೆಯನ್ನೂ ನೋಡಿದರು. ಬಿದಿರಿನಲ್ಲಿ ಗಂಟು ಇರುವ ಜಾಗ ಬಲಹೀನ. ಕಾಳಜಿಯಿಂದ ಮಾಡುವವರು ಆರು ಸೀಳುಗಳ ಗಂಟು ಒಂದೇ ಕಡೆ ಬರದ ಹಾಗೆ ಲೆಕ್ಕ ಹಾಕಿ ಹಿಂದೆ ಮುಂದೆ ಜರುಗಿಸುತ್ತಾರೆ, ಮೂರು ಇಲ್ಲಿ ಮೂರು ಅಲ್ಲಿ, ಇಲ್ಲವೇ ಎರಡೆರಡು. ಇದರಲ್ಲಿ ಅಂಥ ಲೆಕ್ಕ ಯಾವುದೂ ಇಲ್ಲ, ಕೈಗೆ ಸಿಕ್ಕ ಹಾಗೆ ಸೇರಿಸಿದ್ದಾರೆ. ಕಾರ್ಖಾನೆ ಕೆಲಸ.

ಇಷ್ಟೆಲ್ಲಾ ಆದ ಮೇಲೆ ಅವರು ಬರೆದುಕೊಟ್ಟದ್ದು ಏನು ಗೊತ್ತಾ? "9 ಅಡಿ, ಮೂರು ತುಂಡು, ಎರಡು ತುದಿ, ಒಂದು ತುದಿ 3.25 ಇಂಚು ಗಿಡ್ಡ. ಅಮೆರಿಕದ ದೊಡ್ಡ ಕಾರ್ಖಾನೆಯದು, ಹೆಚ್ಚಾಗಿ 1930ರ ದಶಕದ್ದು. ತಯಾರಕರು ಖಚಿತವಿಲ್ಲ." ಬಾಯಿಮಾತಿನಲ್ಲಿ ಮಾಂಟೆಗ್ಯೂ ಇರಬಹುದು ಅಂದರು. "ಹಾಗಂತ ಬರೆದುಕೊಡಿ" ಅಂದೆ. ಒಪ್ಪಲಿಲ್ಲ. ಊಹೆಯನ್ನು ಕಾಗದದ ಮೇಲೆ ಬರೆದರೆ ನಾಳೆ ಅದು ಸತ್ಯ ಅಂತ ಮಾರಾಟವಾಗುತ್ತದೆ, ಕೊನೆಗೆ ಕೊಂಡವನು ದುಡ್ಡು ಕಳೆದುಕೊಳ್ಳುತ್ತಾನೆ ಅಂದರು. ನಾನು ಅವರಿಗೆ ಪೂರ್ತಿ ಅಂಕ ಕೊಡುವುದು ಈ ಒಂದು ಕಾರಣಕ್ಕೇ. ಹೆಸರಿಲ್ಲದ ರಾಡಿನ ಬೆಲೆ ಕಟ್ಟುವವರು ತಮಗೆ ಹೇಗೆ ಗೊತ್ತಾಯಿತು ಅಂತ ತೋರಿಸಬೇಕು, ಸಾಕ್ಷಿ ಎಲ್ಲಿಗೆ ಮುಗಿಯಿತೋ ಅಲ್ಲಿಗೇ ನಿಲ್ಲಿಸಬೇಕು. ಬರೀ ಊಹೆಯ ಹೆಸರಿಗೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬಾರದು.

ಬೆಲೆ 90ರಿಂದ 120 ಡಾಲರ್ ಅಂತ ಹೇಳಿದರು. ಅದಕ್ಕೂ ಲೆಕ್ಕ ಕೊಟ್ಟರು. 9 ಅಡಿಯ ಕಾರ್ಖಾನೆ ರಾಡ್‌ಗಳು ಲೆಕ್ಕವಿಲ್ಲದಷ್ಟು ತಯಾರಾಗಿವೆ, ಈಗಿನವರಿಗೆ ಅಷ್ಟು ಉದ್ದ, ಅಷ್ಟು ಭಾರ ಬೇಡ, ಎಲ್ಲರೂ ಹುಡುಕುವುದು 7ರಿಂದ 8 ಅಡಿಯದನ್ನು. ಎರಡೂ ತುದಿ ಪೂರ್ತಿ ಇದ್ದಿದ್ದರೆ ಸ್ವಲ್ಪ ಹೆಚ್ಚಾಗುತ್ತಿತ್ತು. ಹೊಸ ತುದಿ ಮಾಡಿಸಬಹುದಾ ಅಂತ ಕೇಳಿದ್ದಕ್ಕೆ, ಮಾಡಿಸಬಹುದು, ಆದರೆ ಅದರ ಖರ್ಚೇ ರಾಡಿನ ಬೆಲೆಗಿಂತ ಜಾಸ್ತಿ, ಬೇಡ ಅಂದರು. ಕೆಲಸ ಸಿಗುತ್ತಿದ್ದರೂ ಬೇಡ ಅಂದರು ನೋಡಿ. ಪೇನ್, ಗ್ಯಾರಿಸನ್ ಥರದ ಹೆಸರಾಂತ ಕುಶಲಕರ್ಮಿಗಳ ಹೆಸರು ಇರುವ ರಾಡ್ ಸಾವಿರಾರು ಡಾಲರಿಗೆ ಹೋಗುತ್ತದೆ, ನಿಜ. ಅಲ್ಲಿ ಬೆಲೆ ಕೈಕೆಲಸಕ್ಕೆ, ಮತ್ತೆ ಅದು ಅವರದೇ ಅಂತ ಸಾಬೀತು ಮಾಡಲು ಆಗುವುದಕ್ಕೆ.

ಕೊನೆಗೆ ಹಿತ್ತಲಿನ ಹುಲ್ಲಿನ ಮೇಲೆ ಜೋಡಿಸಿ ತೂಕದ ಲೆಕ್ಕದಲ್ಲಿ 6ನೇ ನಂಬರ್ ಲೈನ್ ಹಾಕಿ ಬೀಸಿ ನೋಡಿದೆವು. ಫೆರೂಲ್ ಬಿಚ್ಚುವಾಗ ಬಾಟಲಿಯ ಬಿರಡೆ ತೆಗೆದ ಹಾಗೆ ಟಪ್ ಅಂತ ಸದ್ದು ಬಂತು, ಅಂದರೆ ಬಿಗಿ ಇನ್ನೂ ಚೆನ್ನಾಗಿದೆ. ಬೀಸುವಾಗ ಟಿಕ್ ಟಿಕ್ ಅಂತ ಸದ್ದು ಬಂದಿದ್ದರೆ ಫೆರೂಲ್ ಸಡಿಲ, ಇಲ್ಲವೇ ಒಳಗೆ ಅಂಟು ಬಿಟ್ಟಿದೆ ಅಂತ ಅರ್ಥ. ರಾಡ್ ನಿಧಾನ, ಕೈಯವರೆಗೂ ಬಾಗುತ್ತದೆ, ಈಗಿನ ಗ್ರಾಫೈಟ್ ರಾಡ್ ಹಿಡಿದು ಅಭ್ಯಾಸ ಇರುವವರು ತಾಳ್ಮೆಯಿಂದ ಕಾಯಬೇಕು. ಸರಿ ಇರುವ ತುದಿ ಹಾಕಿದಾಗ ಲೈನ್ ಎಷ್ಟು ಮೃದುವಾಗಿ ಇಳಿಯಿತು ಅಂದರೆ ನನಗೇ ಕೊಡಲು ಮನಸ್ಸಾಗಲಿಲ್ಲ. ಗಿಡ್ಡ ತುದಿ ಹಾಕಿದರೆ ಸೆಟೆದ ಹಾಗೆ, ಬೇರೆಯೇ ರಾಡ್.

ಅಜ್ಜಿಗೆ 2000 ಹೋಗಿ 100 ಆಯಿತು ಅಂತ ಹೇಳಲು ನನಗೆ ಕಷ್ಟವಾಗುತ್ತದೆ ಅಂದುಕೊಂಡಿದ್ದೆ. ಕಾಗದ ಓದಿ, ಹಿತ್ತಾಳೆಯ ಹಳದಿ ಗೆರೆಯನ್ನು ತಾವೇ ನೋಡಿ, "ನಮ್ಮ ಯಜಮಾನರು ದುಬಾರಿ ರಾಡ್ ಕೊಳ್ಳುವವರೇ ಅಲ್ಲ, ನನಗೆ ಆಗಲೇ ಅನುಮಾನ ಇತ್ತು" ಅಂದರು. ರಾಡ್ ಮೊಮ್ಮಗನಿಗೆ ಹೋಗುತ್ತಿದೆ, ಅವನು ಅದರಲ್ಲೇ ಮೀನು ಹಿಡಿಯುತ್ತಾನಂತೆ.

ಕೊರತೆ ಇಲ್ಲವೇ ಅಂದರೆ ಇದೆ. ಬರಹ ಕೈಗೆ ಸಿಗಲು ವಾರಗಟ್ಟಲೆ ಕಾಯಬೇಕು. ಫೋನ್ ಎತ್ತುವುದಿಲ್ಲ, ಇಮೇಲ್‌ಗೆ ಮಾತ್ರ ಉತ್ತರ. ಚಿತ್ರ ನೋಡಿ ಬೆಲೆ ಹೇಳುವುದೇ ಇಲ್ಲ, ಕೈಯಲ್ಲಿ ಹಿಡಿಯಲೇಬೇಕು, ದೂರದವರಿಗೆ ಇದು ತೊಂದರೆ. ಶುಲ್ಕ 60 ಡಾಲರ್, ನಗದು ಮಾತ್ರ. 100 ಡಾಲರ್ ರಾಡಿಗೆ 60 ಕೊಡುವುದಾ ಅಂತ ಅನಿಸಬಹುದು. ಮೊದಲೇ ಗೊತ್ತಿದ್ದರೆ ಯಾರೂ ಕೊಡುತ್ತಿರಲಿಲ್ಲ, ಗೊತ್ತಿಲ್ಲದೇ ಇದ್ದಾಗಲೇ ಅದರ ಅಗತ್ಯ. ಮನೆಯಲ್ಲೇ ಸ್ವಲ್ಪ ನೋಡಿಕೊಂಡು ಹೋದರೆ ಆ ದುಡ್ಡೂ ಉಳಿಯಬಹುದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಿಂದ ಬಂದ, ಮರದ ಪೆಟ್ಟಿಗೆಯಲ್ಲಿ ಹಲವು ತುಂಡು ಜೋಡಿಸಿಟ್ಟಿರುವ ರಾಡ್ ಸೆಟ್ ನಿಮ್ಮ ಹತ್ತಿರ ಇದ್ದರೆ ಬೆಲೆ ಕಟ್ಟಿಸಲು ಹೋಗಲೇಬೇಡಿ. ಸೈನಿಕರು ನೆನಪಿಗೆ ಅಂತ ತಂದದ್ದು ಅಂಥವೇ, ನೋಡಲು ಚೆಂದ, ಬೆಲೆ ತೀರಾ ಕಡಿಮೆ.

ಕೊಡಗು, ಚಿಕ್ಕಮಗಳೂರು ಕಡೆ ಹಳೆ ಎಸ್ಟೇಟ್ ಬಂಗಲೆಗಳಲ್ಲಿ ಇಂಥ ಕೋಲುಗಳು ಸಿಕ್ಕರೆ ಲೆಕ್ಕ ಬೇರೆ. ನಮ್ಮಲ್ಲಿ ಬ್ರಿಟಿಷ್ ಪ್ಲಾಂಟರುಗಳು ಕಾವೇರಿ, ಕಬಿನಿಯಲ್ಲಿ ಬಿಳಿಮೀನು ಅಂದರೆ ಮಹಶೀರ್ ಹಿಡಿಯುತ್ತಿದ್ದರು. ಮೈಸೂರಿನ ವ್ಯಾನ್ ಇಂಗೆನ್ ಮನೆಯವರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದ ನಾಡು ಅದು. ಅಂಥ ರಾಡ್ ಬಹುಶಃ ಇಂಗ್ಲೆಂಡಿನದಾಗಿರುತ್ತದೆ. ಆನಿಕ್ ಊರಿನ ಹಾರ್ಡಿ ಕಂಪನಿಯ ಬಿದಿರು ರಾಡ್‌ಗಳಿಗೆ ಪಲಕೋನಾ ಅಂತ ಹೆಸರು, ಮೇಲೆ ಸೀರಿಯಲ್ ನಂಬರ್ ಇರುತ್ತದೆ, ಅದರಿಂದ ಕಾಲ ಹೇಳಬಹುದು. ಕೋಲು ಆರು ಮೂಲೆ ಇಲ್ಲದೆ ದುಂಡಗಿದ್ದು, ಮರದ ನಾರು ಉದ್ದಕ್ಕೂ ಕಾಣುತ್ತಿದ್ದರೆ ಅದು ಬಿದಿರೇ ಅಲ್ಲ, ಗ್ರೀನ್‌ಹಾರ್ಟ್ ಅಥವಾ ಲ್ಯಾನ್ಸ್‌ವುಡ್ ಮರ ಇರಬಹುದು.

ಯಾರ ಹತ್ತಿರ ತೆಗೆದುಕೊಂಡು ಹೋದರೂ ಹೋಗುವ ಮೊದಲು ಉಜ್ಜಿ ತೊಳೆಯಬೇಡಿ, ಹೊಸ ವಾರ್ನಿಷ್ ಬಳಿಯಬೇಡಿ. ಉಳಿದಿರಬಹುದಾದ ಅಕ್ಷರವೂ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ಫೆರೂಲ್ ಸಿಕ್ಕಿಕೊಂಡಿದ್ದರೆ ಇಕ್ಕಳ ಹಾಕಿ ತಿರುಗಿಸಬೇಡಿ, ಒಳಗಿನ ಬಿದಿರು ತಿರುಚಿ ಸೀಳುತ್ತದೆ, ಹಾಗೇ ಒಯ್ಯಿರಿ, ಅವರೇ ಬಿಚ್ಚಿಕೊಡುತ್ತಾರೆ. ಜೊತೆಯಲ್ಲಿ ಸಿಕ್ಕ ಬಟ್ಟೆ ಚೀಲ, ಕೊಳವೆ, ಚೀಟಿ, ಹಳೆ ರಸೀದಿ ಏನಿದ್ದರೂ ಎಸೆಯದೆ ತೆಗೆದುಕೊಂಡು ಹೋಗಿ. ರಾಡಿನ ಮೇಲೆ ಇಲ್ಲದ ಹೆಸರು ಕೆಲವೊಮ್ಮೆ ಚೀಲದ ಒಳಗೆ ಹೊಲಿದ ಪಟ್ಟಿಯ ಮೇಲೆ ಇರುತ್ತದೆ.